ಬೇಡ ಅನ್ನಬಾರದ ದಾರಿ

ಜಪಾನಿನ ನಾಲ್ಕು ದೊಡ್ಡ ದ್ವೀಪಗಳಲ್ಲಿ ಶಿಕೋಕು ಎಲ್ಲಕ್ಕಿಂತ ಚಿಕ್ಕದು. ಅದರ ಸುತ್ತ 88 ಬೌದ್ಧ ದೇವಸ್ಥಾನಗಳಿವೆ. ಎಲ್ಲವನ್ನೂ ನಡೆದು ನೋಡಬೇಕೆಂದರೆ ಸುಮಾರು 1,200 ಕಿಲೋಮೀಟರ್ ಆಗುತ್ತದೆ. ಆರೇಳು ವಾರ ಬೇಕು. ನನಗೆ ಸಿಕ್ಕ ರಜೆ ಅಷ್ಟಿರಲಿಲ್ಲ. ಆದರೆ ಇದನ್ನು ತುಂಡು ತುಂಡಾಗಿ, ವರ್ಷಕ್ಕಿಷ್ಟು ಅಂತ ನಡೆಯುವ ರೂಢಿಯೂ ಅಲ್ಲಿದೆ. ಹಾಗೆ ಮಾಡಿದರೆ ಯಾರೂ ಮೂಗು ಮುರಿಯುವುದಿಲ್ಲ. 2025ರ ಮಾರ್ಚ್ ಕೊನೆಯಲ್ಲಿ ಹೊರಟು, ತೊಕುಶಿಮಾ ಪ್ರಾಂತ್ಯದ 23 ದೇವಸ್ಥಾನಗಳನ್ನು ಮುಗಿಸಿ, ಕೋಚಿ ಪ್ರಾಂತ್ಯದಲ್ಲಿ ಮೊದಲು ಸಿಗುವ 24ನೆಯದರವರೆಗೆ ನಡೆದೆ.

ಗುಡಿಗಳ ಚೆಲುವಿನ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನನಗೆ ಹೇಳಬೇಕು ಅನಿಸಿದ್ದು ದಾರಿಯಲ್ಲಿ ಸಿಕ್ಕ ಜನ ಕೊಟ್ಟದ್ದರ ಬಗ್ಗೆ. ಕಿತ್ತಳೆ, ಬಿಸ್ಕತ್ತು, ಬಿಸಿ ಚಹಾ, ನೂರು ಯೆನ್ನಿನ ನಾಣ್ಯ, ಬಟ್ಟೆ ಚೂರಿನಲ್ಲಿ ಹೊಲಿದ ಪುಟ್ಟ ಚೀಲ, ಕಾಲಿನ ಬೊಬ್ಬೆಗೆ ಹಚ್ಚುವ ಪಟ್ಟಿ. ಯಾತ್ರಿಕರಿಗೆ ಹೀಗೆ ಕೊಡುವುದನ್ನು ಅಲ್ಲಿ ಓಸೆತ್ತಾಯ್ ಅನ್ನುತ್ತಾರೆ. ಯಾತ್ರಿಕರಿಗೆ ಹೆನ್ರೋ ಅಂತ ಹೆಸರು. ಎದುರಿಗೆ ಸಿಕ್ಕಾಗ ಗೌರವದಿಂದ ‘ಓಹೆನ್ರೋ ಸಾನ್’ ಎಂದು ಕರೆಯುತ್ತಾರೆ.

ಇಂಥ ಪದ್ಧತಿ ನನಗೆ ಹೊಸದೇನಲ್ಲ. ನಮ್ಮೂರು ಬಾಗಲಕೋಟೆ ಜಿಲ್ಲೆಯದು. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ನಡೆದು ಹೋಗುವ ಮಂದಿ ನಮ್ಮೂರ ದಾರಿಯಲ್ಲೇ ಹಾಯುತ್ತಾರೆ. ಪೆಂಡಾಲು ಹಾಕಿ ಮಜ್ಜಿಗೆ, ಪಾನಕ, ಕಲ್ಲಂಗಡಿ, ಹುಗ್ಗಿ, ಅನ್ನ-ಸಾರು ಕೊಡುತ್ತಾರೆ. ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುವವರೂ ಇರುತ್ತಾರೆ. ನಮ್ಮವ್ವ ಈಗಲೂ ಬೆಳಗಾಗುವ ಮುಂಚೆ ರೊಟ್ಟಿ ಬಡಿದು, ಬುಟ್ಟಿ ತುಂಬಿ ಪೆಂಡಾಲಿಗೆ ಕಳಿಸುತ್ತಾಳೆ. ನಾನೂ ಸಣ್ಣವಳಿದ್ದಾಗ ಚರಿಗೆ ಹಿಡಿದು ನೀರು ಹಾಕಿದ್ದೇನೆ. ಆದರೆ ಬಿಸಿಲಲ್ಲಿ ನಡೆದು ಬಂದು ಬೊಗಸೆ ಒಡ್ಡಿದ್ದು ಯಾವತ್ತೂ ಇರಲಿಲ್ಲ. ಆ ಕಡೆ ನಿಲ್ಲುವುದು ಹೇಗೆ ಅಂತ ಕಲಿತದ್ದು ಶಿಕೋಕುವಿನಲ್ಲಿ.

ಮೊದಲ ದೇವಸ್ಥಾನದ ಹೆಸರು ರ್ಯೋಜೆನ್‌ಜಿ. ಬುದ್ಧ ಉಪದೇಶ ಮಾಡಿದ ನಮ್ಮ ರಾಜಗೀರಿನ ಗೃಧ್ರಕೂಟ ಬೆಟ್ಟದ ನೆನಪಿಗೆ ಇಟ್ಟ ಹೆಸರದು. ಬಾಂದೋ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ಇಳಿದು ಸ್ವಲ್ಪ ಹೊತ್ತು ನಡೆದರೆ ಸಿಗುತ್ತದೆ. ಯಾತ್ರೆಗೆ ಬೇಕಾದ ಸಾಮಾನೆಲ್ಲ ಅಲ್ಲಿನ ಅಂಗಡಿಯಲ್ಲೇ ಉಂಟು. ಬಿಳಿ ಅಂಗಿ, ಹುಲ್ಲಿನ ಅಗಲ ಟೋಪಿ, ಊರುಗೋಲು, ಪ್ರತಿ ಗುಡಿಯಲ್ಲೂ ಮುದ್ರೆ ಒತ್ತಿಸಿಕೊಳ್ಳುವ ಪುಸ್ತಕ, ಹೆಸರಿನ ಚೀಟಿಗಳ ಕಟ್ಟು. ಇಷ್ಟೆಲ್ಲ ತಗೊಂಡೇ ಹೋಗಬೇಕೆಂದು ಯಾರೂ ಒತ್ತಾಯ ಮಾಡುವುದಿಲ್ಲ. ನಾನು ಮಾತ್ರ ಎಲ್ಲ ತಗೊಂಡೆ. ಬಿಳಿ ಅಂಗಿಯ ಕಥೆ ಮೊದಲೇ ಗೊತ್ತಿತ್ತು. ಅದು ಸತ್ತವರಿಗೆ ಹಾಕುವ ಬಟ್ಟೆ. ಹಿಂದೆ ದಾರಿಯಲ್ಲೇ ಸತ್ತವರನ್ನು ಅಲ್ಲೇ ಮಣ್ಣು ಮಾಡಿ, ಅವರ ಊರುಗೋಲನ್ನೇ ಗುರುತಿಗೆ ನೆಡುತ್ತಿದ್ದರಂತೆ. ಅಂಗಡಿಯ ಹಿರಿಯ ಹೆಂಗಸು ಅದೇ ಅಂಗಿಯನ್ನು ನನ್ನ ಭುಜಕ್ಕೆ ಹಿಡಿದು, ಅಳತೆ ಸರಿಯಿದೆಯಾ ಅಂತ ಮದುವೆ ಸೀರೆ ಆರಿಸುವ ಖುಷಿಯಲ್ಲಿ ನೋಡುತ್ತಿದ್ದರು. ನನಗೆ ನಗು ಬಂತು.

ನಿಯಮಗಳನ್ನು ಹೇಳಿಕೊಟ್ಟದ್ದೂ ಅವರೇ. ಅರ್ಧ ಜಪಾನಿ, ಅರ್ಧ ಕೈಸನ್ನೆ, ಜೊತೆಗೆ ಫೋನಿನಲ್ಲಿ ಅನುವಾದ. ಗುಡಿಯೊಳಗೆ ಹೇಗೆ ನಡೆದುಕೊಳ್ಳಬೇಕು ಅನ್ನುವುದನ್ನು ಬೇಗ ಮುಗಿಸಿದರು. ಓಸೆತ್ತಾಯ್ ಬಗ್ಗೆ ಮಾತ್ರ ನಿಧಾನವಾಗಿ, ಒತ್ತಿ ಹೇಳಿದರು. ಯಾರಾದರೂ ಕೊಟ್ಟರೆ ಬೇಡ ಅನ್ನಬಾರದು. ಎರಡೂ ಕೈಯಲ್ಲಿ ತಗೊಳ್ಳಬೇಕು. ಕೊಟ್ಟವರಿಗೆ ಹೆಸರಿನ ಚೀಟಿ ಕೊಡಬೇಕು. ‘ನಮು ದಾಯಿಶಿ ಹೆಂಜೋ ಕೊಂಗೋ’ ಅನ್ನುವ ಮಂತ್ರ ಹೇಳಬೇಕು. ಕೊಡಿ ಅಂತ ಕೇಳಬಾರದು, ಕೊಡುತ್ತಾರೆ ಅಂತ ಕಾದು ನಿಲ್ಲಲೂ ಬಾರದು. ಒಂದು ವಿನಾಯಿತಿ ಇದೆ. ಕಾರಿನಲ್ಲಿ ಬಿಡುತ್ತೇವೆ ಅಂದರೆ, ನಡೆದೇ ಹೋಗುವ ಹರಕೆ ಅಂತ ಹೇಳಿ ತಪ್ಪಿಸಿಕೊಳ್ಳಬಹುದು. ಅದನ್ನು ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಬೇಡ ಅನ್ನಬಾರದು ಯಾಕೆ ಅನ್ನುವುದಕ್ಕೆ ಉತ್ತರ ಅಂಗಿಯ ಬೆನ್ನ ಮೇಲೆ, ಟೋಪಿಯ ಮೇಲೆ ಬರೆದಿರುತ್ತದೆ. ನಡೆಯುವವರು ಇಬ್ಬರು ಅನ್ನುವುದು ಅದರ ಭಾವ. ಒಬ್ಬರು ನೀವು. ಇನ್ನೊಬ್ಬರು ಕೋಬೋ ದಾಯಿಶಿ, ಅಂದರೆ 774ರಲ್ಲಿ ಇದೇ ದ್ವೀಪದಲ್ಲಿ ಹುಟ್ಟಿದ ಕೂಕಾಯ್ ಎಂಬ ಸನ್ಯಾಸಿ. ಊರುಗೋಲೇ ಅವರು ಅನ್ನುವುದು ನಂಬಿಕೆ. ಹಾಗಾಗಿ ವಸತಿಗೆ ತಲುಪಿದ ತಕ್ಷಣ ಮೊದಲು ಕೋಲಿನ ಬುಡ ತೊಳೆಯಬೇಕು, ನಿಮ್ಮ ಕಾಲು ಆಮೇಲೆ. ಜನ ಕೊಡುವ ಕಿತ್ತಳೆಯೂ ಚಹಾವೂ ನಿಮಗಲ್ಲ, ಜೊತೆಯಲ್ಲಿ ಬಂದಿರುವ ಅವರಿಗೆ. ನೀವು ಬರೀ ಹೊತ್ತು ನಡೆಯುವವರು. ಬೇರೆಯವರಿಗೆ ಬಂದದ್ದನ್ನು ಬೇಡ ಅನ್ನಲು ನೀವು ಯಾರು?

ಕೇಳುವಾಗ ಇದು ಸುಮ್ನೆ ಒಂದು ಚಂದದ ಮಾತು ಅನಿಸಿತ್ತು. ಎಷ್ಟು ಉಪಯೋಗದ ಮಾತು ಅಂತ ತಿಳಿದದ್ದು ನಡೆಯಲು ಶುರು ಮಾಡಿದ ಮೇಲೆ.

ಎರಡನೇ ದೇವಸ್ಥಾನ ದಾಟಿ ಮನೆಗಳ ನಡುವಿನ ಸಣ್ಣ ರಸ್ತೆಯಲ್ಲಿ ಹೋಗುತ್ತಿದ್ದೆ. ತೋಟದಲ್ಲಿ ಕಳೆ ಕೀಳುತ್ತಿದ್ದ ಅಜ್ಜಿಯೊಬ್ಬರು ಕೈ ಎತ್ತಿ ನಿಲ್ಲು ಅಂದರು. ಒಳಗೆ ಹೋದರು. ಬಾಗಿದ ಬೆನ್ನು, ನಿಧಾನದ ನಡಿಗೆ. ತುಂಬ ಹೊತ್ತಿನ ಮೇಲೆ ಬಂದರು. ಕೈಯಲ್ಲಿ ಕಾಗದದಲ್ಲಿ ಸುತ್ತಿದ ಎರಡು ಕಿತ್ತಳೆ, ಒಂದು ನೂರು ಯೆನ್ ನಾಣ್ಯ. ನೂರು ಯೆನ್ ಅಂದರೆ ನಮ್ಮ ಐವತ್ತು-ಅರವತ್ತು ರೂಪಾಯಿ. ಹಣ್ಣು ಸರಿ, ದುಡ್ಡು ನೋಡಿ ಕೈ ಹಿಂದೆ ಸರಿಯಿತು. ನನ್ನ ಫೋನಿನ ಬೆಲೆ ಆ ಅಜ್ಜಿಯ ಎಷ್ಟು ತಿಂಗಳ ಖರ್ಚೋ. ಆದರೂ ಎರಡೂ ಕೈ ಒಡ್ಡಿದೆ. ಚೀಟಿ ಕೊಟ್ಟೆ. ಅಜ್ಜಿ ಅದನ್ನು ಹಣೆಗೆ ಒತ್ತಿಕೊಂಡು ಏಪ್ರನ್ನಿನ ಜೇಬಿಗೆ ಹಾಕಿದರು. ಯಾವ ದೇಶ ಅಂತ ಕೇಳಿದರು. ‘ಇಂದೊ’ ಅಂದೆ. ಅವರ ಮುಖ ಅರಳಿತು. ಬುದ್ಧನ ಊರಿಂದ ಬಂದವಳು ಅಂತ ಪಕ್ಕದ ಮನೆಯವರನ್ನು ಕೂಗಿ ಕರೆದರು. ಪಕ್ಕದ ಮನೆಯವರು ಬಿಸ್ಕತ್ತು ತಂದರು. ಹೊಟ್ಟೆ ತುಂಬಿದೆ ಅಂತ ಹೇಳಲು ಅವಕಾಶವೇ ಇಲ್ಲ, ನಿಯಮ ನಿಯಮವೇ.

ಆ ಚೀಟಿಯ ಬಗ್ಗೆ ಒಂದಿಷ್ಟು ಹೇಳಬೇಕು. ಬೆರಳುದ್ದಕ್ಕಿಂತ ಸ್ವಲ್ಪ ದೊಡ್ಡ ತೆಳು ಕಾಗದ. ಹೆಸರು, ಊರು, ತಾರೀಖು, ಹರಕೆ ಬರೆಯಲು ಜಾಗ. ಪ್ರತಿ ಗುಡಿಯಲ್ಲಿ ಎರಡು ಕಡೆ ಇದನ್ನು ಡಬ್ಬಿಗೆ ಹಾಕಬೇಕು, ಮುಖ್ಯ ಗುಡಿಯಲ್ಲಿ ಒಂದು, ಕೋಬೋ ದಾಯಿಶಿಯ ಗುಡಿಯಲ್ಲಿ ಒಂದು. ಉಳಿದದ್ದು ಕೊಟ್ಟವರಿಗೆ. ಯಾತ್ರೆಯನ್ನು ನಾಲ್ಕು ಸಲದವರೆಗೆ ಮಾಡಿದವರದು ಬಿಳಿ ಚೀಟಿ. ಐದರಿಂದ ಹಸಿರು, ಎಂಟರಿಂದ ಕೆಂಪು, 25ರಿಂದ ಬೆಳ್ಳಿ ಬಣ್ಣ, 50ರಿಂದ ಚಿನ್ನದ ಬಣ್ಣ. ನೂರು ದಾಟಿದವರದು ಜರಿ ಬಟ್ಟೆಯದು. ನೂರು ಸಲ ಸುತ್ತಿದವರು ಇದ್ದಾರಾ ಅಂತ ನೀವು ಕೇಳಬಹುದು. 1845ರಲ್ಲಿ ಹುಟ್ಟಿದ ನಕತ್ಸುಕಾಸಾ ಮೊಹೆ ಎಂಬಾತ ಬದುಕಿಡೀ ಸುತ್ತಿ, ಸುಮಾರು 280 ಸಲ ನಡೆದವರು. ಮುಂದೆ ಬರುವವರಿಗೆ ದಾರಿ ತಪ್ಪದಿರಲಿ ಅಂತ ಅವರು ನೆಡಿಸಿದ ಕಲ್ಲುಗಳು ಇನ್ನೂ ನಿಂತಿವೆ. ಕಲ್ಲಿನ ಮೇಲೆ ಬೆರಳು ತೋರಿಸುವ ಕೈ ಕೆತ್ತಿರುತ್ತಾರೆ. ಬ್ಯಾಟರಿ ಮುಗಿದು ಫೋನು ಸತ್ತ ದಿನ ನನ್ನನ್ನು ವಸತಿ ಮುಟ್ಟಿಸಿದ್ದು ಅಂಥ ಕಲ್ಲಿನ ಬೆರಳುಗಳು, ಮತ್ತು ಕಂಬ ಕಂಬಕ್ಕೂ ಸ್ವಯಂಸೇವಕರು ಅಂಟಿಸಿದ ಕೆಂಪು ಬಾಣಗಳು. ಅಪರಿಚಿತರ ಉಪಕಾರ ಅಂದರೆ ಎದುರಿಗೆ ಬಂದು ಕೈಗಿಡುವುದು ಮಾತ್ರ ಅಲ್ಲ ಅಲ್ವಾ.

ಫೋನಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಇಲ್ಲಿ ಉಳಿಯುವ ಜಾಗ ಹೆಚ್ಚಾಗಿ ಮಿನ್‌ಶುಕು. ಮನೆಯವರೇ ನಡೆಸುವ ಸಣ್ಣ ವಸತಿ. ಎರಡು ಊಟ ಸೇರಿ ಎಂಟು-ಹತ್ತು ಸಾವಿರ ಯೆನ್. ಎಷ್ಟೋ ಕಡೆ ಆನ್‌ಲೈನ್ ಬುಕಿಂಗ್ ಇಲ್ಲ. ಫೋನ್ ಮಾಡಬೇಕು, ಜಪಾನಿ ಭಾಷೆಯಲ್ಲೇ ಮಾತಾಡಬೇಕು. ನನಗೆ ಬರುತ್ತಿದ್ದದ್ದು ನಾಲ್ಕೈದು ವಾಕ್ಯ. ಹಾಗಾಗಿ ಈ ಕೆಲಸ ಪೂರ್ತಿ ಬೇರೆಯವರ ಮೇಲೆ ಬಿತ್ತು. ಒಂದು ವಸತಿಯ ಯಜಮಾನಿತಿ ಮರುದಿನದ ವಸತಿಗೆ ಫೋನ್ ಮಾಡುತ್ತಾರೆ. ಅಲ್ಲಿಯವರು ಅದರ ಮುಂದಿನದಕ್ಕೆ. ಒಂದು ಕಡೆ ಜಾಗ ಇಲ್ಲ ಅಂದರೆ ಇನ್ನೊಂದು, ಅದೂ ಇಲ್ಲ ಅಂದರೆ ಮತ್ತೊಂದು. ಊಟ ಬಡಿಸುವ ಹೊತ್ತಿನಲ್ಲಿ, ಒಲೆಯ ಮೇಲೆ ಏನೋ ಕುದಿಯುತ್ತಿರುವಾಗ, ಕಿವಿಗೆ ಫೋನ್ ಸಿಕ್ಕಿಸಿಕೊಂಡು ನನಗಾಗಿ ಬೇಡಿಕೊಳ್ಳುತ್ತಿದ್ದರು. ‘ಇಂದೊ’, ‘ಒಬ್ಬಳೇ’, ‘ನೀಕು, ಸಕಾನಾ ದಮೆ’ ಅನ್ನುವಷ್ಟು ನನಗೆ ಅರ್ಥವಾಗುತ್ತಿತ್ತು. ಮಾಂಸ, ಮೀನು ಆಗುವುದಿಲ್ಲ ಅಂತ. ಮುಂದಿನ ಊರಿಗೆ ನಾನು ಕಾಲಿಡುವ ಮುಂಚೆ ನನ್ನ ಜಾತಕ ಅಲ್ಲಿಗೆ ತಲುಪಿರುತ್ತಿತ್ತು.

ಇದಕ್ಕೆ ಯಾರೂ ಓಸೆತ್ತಾಯ್ ಅನ್ನುವುದಿಲ್ಲ. ಆದರೆ ನನ್ನ ಲೆಕ್ಕದಲ್ಲಿ ಅತಿ ದೊಡ್ಡದು ಇದೇ. ಕಿತ್ತಳೆ ಇಲ್ಲದಿದ್ದರೂ ನಡೆಯುತ್ತಿದ್ದೆ. ಈ ಫೋನುಗಳಿಲ್ಲದೆ ಹೋಗಿದ್ದರೆ ಐದನೇ ಗುಡಿ ದಾಟುತ್ತಿರಲಿಲ್ಲ.

ಸಸ್ಯಾಹಾರದ ಕಥೆ ಸ್ವಲ್ಪ ಉದ್ದ. ಜಪಾನಿನಲ್ಲಿ ಮೀನು ಕಣ್ಣಿಗೆ ಕಾಣದಿದ್ದರೂ ಸಾರಿನಲ್ಲಿ ಇರುತ್ತದೆ. ಒಣಗಿಸಿದ ಮೀನಿನ ಹೆರಕಲಿನಿಂದ ತೆಗೆದ ದಾಶಿ ಎಂಬ ನೀರು ಬಹುತೇಕ ಅಡುಗೆಗಳ ತಳಪಾಯ. ಆರನೇ ದೇವಸ್ಥಾನ ಅನ್ರಾಕುಜಿಯಲ್ಲಿ ಯಾತ್ರಿಕರಿಗೆ ವಸತಿಯಿದೆ, ಬಿಸಿನೀರಿನ ಬುಗ್ಗೆಯ ಸ್ನಾನವೂ ಇದೆ. ಅಂಥ ಕಡೆ ಮೊದಲೇ ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ, ಯಾಕೆಂದರೆ ಬೌದ್ಧ ಮಠಗಳ ಹಳೆಯ ಅಡುಗೆಯಲ್ಲಿ ಮೀನಿನ ಬದಲು ಸಮುದ್ರದಲ್ಲಿ ಬೆಳೆಯುವ ಕೊಂಬು ಎಂಬ ಎಲೆ, ಒಣ ಅಣಬೆ ಹಾಕಿ ರಸ ತೆಗೆಯುವುದು ಉಂಟು. ದಾರಿಯಲ್ಲಿ ಕೊಟ್ಟದ್ದಕ್ಕೆ ಏನು ಮಾಡುವುದು? ಹದಿನೇಳನೇ ಗುಡಿ ದಾಟಿ ತೊಕುಶಿಮಾ ನಗರದ ಅಂಚಿನಲ್ಲಿ ಸಿಗ್ನಲ್ಲಿಗೆ ಕಾಯುತ್ತಿದ್ದೆ. ಒಬ್ಬ ಹೆಂಗಸು ಸೈಕಲ್ ನಿಲ್ಲಿಸಿ, ಬುಟ್ಟಿಯಿಂದ ಆಗಷ್ಟೇ ಕಟ್ಟಿದ ಅನ್ನದ ಉಂಡೆ ತೆಗೆದು ಕೈಗಿಟ್ಟರು. ಇನ್ನೂ ಬಿಸಿ ಇತ್ತು. ಬಹುಶಃ ಅವರದೇ ಮಧ್ಯಾಹ್ನದ ಊಟ. ಒಳಗೆ ಮೀನಿನ ಹೆರಕಲು ಇದೆ ಅಂತ ವಾಸನೆಯಲ್ಲೇ ಗೊತ್ತಾಯಿತು. ತಗೊಂಡೆ. ಚೀಟಿ ಕೊಟ್ಟೆ. ಮುಂದಿನ ತಂಗುಮನೆಯಲ್ಲಿ ಕೂತಿದ್ದ ಜರ್ಮನಿಯ ಹುಡುಗನಿಗೆ ಅದನ್ನು ಕೊಟ್ಟೆ. ಅವನು ಎರಡೂ ಕೈಯಲ್ಲಿ ತಗೊಂಡು, ನನಗೆ ತನ್ನ ಚೀಟಿ ಕೊಟ್ಟ!

ರಾತ್ರಿ ಯಜಮಾನಿತಿಗೆ ಇದನ್ನು ಹೇಳಿ, ಸರಿಯಾ ಅಂತ ಕೇಳಿದೆ. ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಕೊಟ್ಟವಳ ಕೆಲಸ ಕೊಟ್ಟಾಗಲೇ ಮುಗಿಯಿತು, ಆಮೇಲಿನದನ್ನು ಯಾಕೆ ತಲೆಗೆ ಹಚ್ಚಿಕೊಳ್ಳುತ್ತೀರಿ ಅಂದರು. ನಮ್ಮವ್ವನೂ ಹೀಗೇ. ಪೆಂಡಾಲಿನಲ್ಲಿ ಯಾರು ಎಷ್ಟು ರೊಟ್ಟಿ ತಿಂದರು ಅಂತ ಯಾವತ್ತೂ ಕೇಳಿದವಳಲ್ಲ.

ಹನ್ನೊಂದನೇ ದೇವಸ್ಥಾನ ಫುಜೀದೆರಾದಿಂದ ಹನ್ನೆರಡನೆಯ ಶೋಸಾನ್‌ಜಿಗೆ ಹೋಗುವ ಬೆಟ್ಟದ ಹಾದಿ ಈ ಭಾಗದಲ್ಲಿ ಎಲ್ಲರೂ ಹೆದರುವ ಹಾದಿ. ಹದಿಮೂರು ಕಿಲೋಮೀಟರ್ ಅಷ್ಟೇ. ಆದರೆ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ನಡುವೆ ಅಂಗಡಿ ಇಲ್ಲ. ಆರು-ಏಳು ತಾಸು ಹಿಡಿಯುತ್ತದೆ. ಹಿಂದಿನ ರಾತ್ರಿ ಉಳಿದಿದ್ದ ಮನೆಯವರು ಬೆಳಗ್ಗೆ ಆರಕ್ಕೆ ಬಾಗಿಲಲ್ಲಿ ನಿಂತು, ಉಪ್ಪಿನ ಪ್ಲಮ್ ಇಟ್ಟು ಕಟ್ಟಿದ ಅನ್ನದ ಉಂಡೆ ಕೊಟ್ಟು, ಇದರ ದುಡ್ಡು ಬಿಲ್ಲಿನಲ್ಲಿ ಇಲ್ಲ ಅಂದರು. ದಾರಿಯಲ್ಲಿ ದೇವದಾರುಗಳ ಕತ್ತಲು. ಮರದ ಕೊಂಬೆಗಳಿಗೆ ಯಾರೋ ಸಣ್ಣ ಸಣ್ಣ ಹಲಗೆ ಕಟ್ಟಿ, ‘ಸ್ವಲ್ಪವೇ ಉಳಿದಿದೆ’ ಅನ್ನುವಂಥ ಸಮಾಧಾನದ ಮಾತು ಬರೆದಿದ್ದರು. ಅನುವಾದ ಮಾಡಿ ಓದಿದೆ. ಸ್ವಲ್ಪ ಅನ್ನುವುದು ಶುದ್ಧ ಸುಳ್ಳು.

ಶೋಸಾನ್‌ಜಿಯಿಂದ ಇಳಿಯುವಾಗ ಒಂದು ಪುಟ್ಟ ಗುಡಿ ಸಿಗುತ್ತದೆ. ಅಲ್ಲಿ ಕೂಕಾಯ್ ಮುಂದೆ ಮಂಡಿಯೂರಿ ಕೂತ ಒಬ್ಬ ಯಾತ್ರಿಕನ ಮೂರ್ತಿ. ಅವನು ಎಮೊನ್ ಸಾಬುರೊ. ಐತಿಹ್ಯದ ಪ್ರಕಾರ ಇದೇ ದ್ವೀಪದ ಎಹಿಮೆ ಕಡೆಯ ಶ್ರೀಮಂತ. ಭಿಕ್ಷೆಗೆ ಬಂದ ಸನ್ಯಾಸಿಯನ್ನು ಓಡಿಸಿದ. ಮತ್ತೆ ಮತ್ತೆ ಬಂದಾಗ ಕೋಪದಿಂದ ಭಿಕ್ಷಾಪಾತ್ರೆಯನ್ನು ಒಡೆದ, ಅದು ಎಂಟು ಚೂರಾಯಿತು. ಆಮೇಲೆ ಅವನ ಎಂಟು ಮಕ್ಕಳೂ ಒಬ್ಬೊಬ್ಬರಾಗಿ ಸತ್ತರು. ಬಂದಿದ್ದವರು ಕೂಕಾಯ್ ಅಂತ ತಿಳಿದು, ಕ್ಷಮೆ ಕೇಳಲು ಹುಡುಕಿಕೊಂಡು ಹೊರಟ. ಇಪ್ಪತ್ತು ಸುತ್ತು ಹಾಕಿದರೂ ಸಿಗಲಿಲ್ಲ. ಇಪ್ಪತ್ತೊಂದನೇ ಸಲ ಉಲ್ಟಾ ಸುತ್ತಿದ. ಇಲ್ಲಿ ಸಾಯುವ ಹೊತ್ತಿಗೆ ಕೂಕಾಯ್ ಎದುರು ಬಂದರು. ಯಾತ್ರೆ ಶುರುವಾದದ್ದೇ ಇವನಿಂದ ಅನ್ನುತ್ತಾರೆ.

ಇನ್ನೊಂದು ಕಥೆಯೂ ಇದೇ ಜಾಡಿನದು. ಎಹಿಮೆಯ ಓಜು ಪಟ್ಟಣದಲ್ಲಿ ಕೂಕಾಯ್‌ಗೆ ಯಾರೂ ಉಳಿಯಲು ಜಾಗ ಕೊಡಲಿಲ್ಲ. ಸೇತುವೆ ಕೆಳಗೆ ಮಲಗಿದರು. ಚಳಿಗೆ ಒಂದು ರಾತ್ರಿ ಹತ್ತು ರಾತ್ರಿಯಂತೆ ಕಳೆಯಿತು. ಈಗಲೂ ಯಾತ್ರಿಕರು ಯಾವ ಸೇತುವೆ ಮೇಲೂ ಊರುಗೋಲನ್ನು ಟಕ್ ಟಕ್ ಅಂತ ಊರುವುದಿಲ್ಲ. ಕೆಳಗೆ ಅವರು ಮಲಗಿರಬಹುದು, ಎಚ್ಚರವಾದೀತು.

ಗಮನಿಸಿ, ಎರಡೂ ಕಥೆ ಕೊಟ್ಟವರದಲ್ಲ. ಕೊಡದೆ ಕಳಿಸಿದವರದು. ಇಷ್ಟು ಧಾರಾಳ ಜನ ತಮ್ಮ ಪುರಾಣಕ್ಕೆ ಯಾಕೆ ಇಂಥವರನ್ನು ಆರಿಸಿಕೊಂಡರು ಅಂತ ದಾರಿಯುದ್ದಕ್ಕೂ ಯೋಚಿಸಿದ್ದೇನೆ. ನನಗೆ ಅನಿಸುವುದು ಇಷ್ಟು: ಇಲ್ಲಿನ ಉಪಕಾರ ಜನರ ಒಳ್ಳೆ ಸ್ವಭಾವವನ್ನು ನಂಬಿ ನಿಂತಿಲ್ಲ. ಒಳ್ಳೆ ಸ್ವಭಾವ ಬೆಳಗ್ಗೆ ಇರುತ್ತದೆ, ಸಂಜೆ ಸುಸ್ತಾದಾಗ ಇರುವುದಿಲ್ಲ. ಇದು ಅಭ್ಯಾಸದ ಮೇಲೆ ನಿಂತಿದೆ. ಬಿಳಿ ಅಂಗಿ ಕಂಡರೆ ಕೈ ತಾನಾಗಿ ಬುಟ್ಟಿಗೆ ಹೋಗುತ್ತದೆ. ಕೊಡುವವರು ಯೋಚಿಸಬೇಕಿಲ್ಲ, ತಗೊಳ್ಳುವವರು ಸಂಕೋಚ ಪಡಬೇಕಿಲ್ಲ. ಸಮುದ್ರದಾಚೆ ವಕಯಾಮಾ ಕಡೆಯಿಂದ ಗುಂಪು ಕಟ್ಟಿಕೊಂಡು ಬಂದು, ವಸಂತದಲ್ಲಿ ಇಲ್ಲಿನ ಗುಡಿಗಳ ಬಳಿ ಕೂತು ಯಾತ್ರಿಕರಿಗೆ ಹಂಚುವ ಪದ್ಧತಿ ಎಡೊ ಕಾಲದಿಂದಲೂ (1603-1868) ಇದೆ. ಅಷ್ಟು ದೂರದಿಂದ ಕೊಡಲಿಕ್ಕೆಂದೇ ಬರುತ್ತಾರೆ. ನಮ್ಮಲ್ಲಿ ಪೆಂಡಾಲು ಹಾಕಲು ಬೇರೆ ಊರಿಂದ ಟ್ರ್ಯಾಕ್ಟರಿನಲ್ಲಿ ಬರುವವರ ನೆನಪಾಯಿತು.

ಹಾಗಂತ ಎಲ್ಲವೂ ಹಾಲು-ಜೇನು ಅಂತ ಹೇಳಿದರೆ ಮೋಸವಾಗುತ್ತದೆ. ಹಿಂದೆ ಈ ದಾರಿಯಲ್ಲಿ ಕುಷ್ಠರೋಗಿಗಳು ನಡೆಯುತ್ತಿದ್ದರು. ಮನೆಯಿಂದ ಹೊರಹಾಕಿಸಿಕೊಂಡು, ವಾಪಸ್ ಹೋಗಲು ಊರಿಲ್ಲದೆ, ಸುತ್ತುತ್ತಲೇ ಸಾಯುತ್ತಿದ್ದರು. ಅವರನ್ನು ಜನ ದೂರವೇ ಇಟ್ಟಿದ್ದರು. ಅದು ಹಳೇ ಮಾತು ಬಿಡಿ, 2014ರಲ್ಲಿ ಇಲ್ಲಿನ ತಂಗುಮನೆಗಳಲ್ಲಿ ಕೊರಿಯಾದವರ ವಿರುದ್ಧ ಚೀಟಿ ಅಂಟಿಸಿದ್ದು ಪತ್ತೆಯಾಗಿ ದೊಡ್ಡ ಸುದ್ದಿಯಾಗಿತ್ತು. ಯಾತ್ರಿಕರು ಬೆನ್ನು ಚಾಚುವ ಅದೇ ತಂಗುಮನೆಗಳಲ್ಲಿ. ನನ್ನ ಬಣ್ಣ ನೋಡಿ ಯಾರೂ ಹಿಂದೆ ಸರಿದದ್ದು ನೆನಪಿಲ್ಲ. ಆದರೆ ಅದು ನನಗೆ ಸಿಕ್ಕ ಮರ್ಯಾದೆಯೋ, ಅಂಗಿಗೆ ಸಿಕ್ಕದ್ದೋ ಅನ್ನುವ ಅನುಮಾನ ಬೆನ್ನು ಬಿಡಲಿಲ್ಲ. ಒಂದು ಸಂಜೆ ಅಂಗಿ ಒಗೆದು ಹಾಕಿ, ಸಾದಾ ಜಾಕೆಟ್ಟಿನಲ್ಲಿ ಅಂಗಡಿಗೆ ಹೋಗಿದ್ದೆ. ಬೆಳಗ್ಗೆ ಅದೇ ರಸ್ತೆಯಲ್ಲಿ ತಲೆ ಬಾಗಿಸಿದ್ದ ಮನೆಯವರು ಈಗ ಸುಮ್ನೆ ನೋಡಿ ಬಾಗಿಲು ಹಾಕಿಕೊಂಡರು. ಬೇಸರವಾಗಲಿಲ್ಲ. ಒಂಥರಾ ನಿರಾಳವೇ ಆಯಿತು. ಅವರು ಕೊಡುತ್ತಿರುವುದು ನನ್ನ ಗುಣ ನೋಡಿ ಅಲ್ಲ ಅಂದ ಮೇಲೆ, ಅದಕ್ಕೆ ತಕ್ಕವಳು ನಾನು ಹೌದೋ ಅಲ್ಲವೋ ಅನ್ನುವ ಲೆಕ್ಕವೂ ಬೇಡ.

ಒಬ್ಬಳೇ ಹೆಂಗಸು, ಭಯ ಆಗಲಿಲ್ವಾ ಅಂತ ಈಗಲೂ ಕೇಳುತ್ತಾರೆ. ಜಗಲಿಯಲ್ಲಿ ಕೂರಿಸಿ ಚಹಾ ಕೊಟ್ಟರೆ ಕೂರುತ್ತಿದ್ದೆ. ಒಳಗೆ ಬನ್ನಿ ಅಂದರೆ ಮನೆಯಲ್ಲಿ ಹೆಂಗಸರು ಇದ್ದಾರಾ ನೋಡುತ್ತಿದ್ದೆ. ಕಾರು ನಿಲ್ಲಿಸಿದವರಿಗೆಲ್ಲ ನಡಿಗೆಯ ಹರಕೆ ಅನ್ನುತ್ತಿದ್ದೆ. ಅಂಗಡಿಯ ಹೆಂಗಸು ಹೇಳಿಕೊಟ್ಟ ಆ ವಿನಾಯಿತಿ ಎಷ್ಟು ಉಪಕಾರಿ ಅಂದರೆ, ನಿಮ್ಮನ್ನು ನಂಬುವುದಿಲ್ಲ ಅಂತ ಹೇಳದೆಯೇ ತಪ್ಪಿಸಿಕೊಳ್ಳಬಹುದು. ಒಬ್ಬ ಮುದುಕರು ಮಳೆಯಲ್ಲಿ ಕಾರು ನಿಲ್ಲಿಸಿ, ನಾನು ಹರಕೆ ಅಂದ ಮೇಲೆ, ಸರಿ ಹಾಗಾದರೆ ಅಂತ ಬ್ಯಾಗು ಮಾತ್ರ ಒಯ್ದು ವಸತಿಗೆ ಮುಟ್ಟಿಸುತ್ತೇನೆ ಅಂದರು. ಪಾಸ್‌ಪೋರ್ಟು ಸೊಂಟದ ಚೀಲದಲ್ಲಿತ್ತು. ಬ್ಯಾಗು ಕೊಟ್ಟೆ. ನಾನು ಹೋಗುವಷ್ಟರಲ್ಲಿ ಅದು ಹೀಟರಿನ ಮುಂದೆ ಒಣಗುತ್ತಿತ್ತು.

ಇಪ್ಪತ್ತು, ಇಪ್ಪತ್ತೊಂದು ಮತ್ತೆ ಬೆಟ್ಟ. ಅವುಗಳ ಬಗ್ಗೆ ನನ್ನ ಮಂಡಿಯನ್ನು ಕೇಳಿದರೆ ಜಾಸ್ತಿ ಹೇಳೀತು. ಇಪ್ಪತ್ತಮೂರನೆಯ ಯಾಕುಓಜಿ ಕಡಲ ಪಕ್ಕದ ಊರಿನಲ್ಲಿದೆ. ಗ್ರಹಚಾರದ ವರ್ಷ ಕಳೆಯಲಿ ಅಂತ ಜನ ಮೆಟ್ಟಿಲಿಗೊಂದರಂತೆ ನಾಣ್ಯ ಇಡುತ್ತಾ ಹತ್ತುತ್ತಾರೆ. ಹೆಂಗಸರಿಗೆ 33 ಮೆಟ್ಟಿಲು, ಗಂಡಸರಿಗೆ 42. ನನ್ನ ಜೇಬಿನಲ್ಲಿದ್ದ ಚಿಲ್ಲರೆ ನಾನು ದುಡಿದದ್ದಲ್ಲ, ದಾರಿಯಲ್ಲಿ ಅಜ್ಜಿಯರು ಕೊಟ್ಟದ್ದು. ಅಲ್ಲೇ ಖರ್ಚು ಮಾಡಿದೆ. ಮುದ್ರೆಗೆ ಕೊಡುವ ದುಡ್ಡಿಗೂ ಅದನ್ನೇ ಬಳಸಿದ್ದೆ. ಗುಡಿಯೊಂದಕ್ಕೆ 500 ಯೆನ್, 2024ರ ಏಪ್ರಿಲ್‌ವರೆಗೆ 300 ಇತ್ತು. ಕೊಟ್ಟವರ ಹೆಸರಿನಲ್ಲಿ ಮಂತ್ರ ಹೇಳಿಕೊಂಡೆ. ಎಲ್ಲ ಗುಡಿಯಲ್ಲೂ ಪ್ರಜ್ಞಾಪಾರಮಿತಾ ಹೃದಯ ಸೂತ್ರ ಓದುತ್ತಾರೆ. ಕೊನೆಯ ‘ಗತೇ ಗತೇ ಪಾರಗತೇ’ ಮಾತ್ರ ಅವರ ಬಾಯಲ್ಲೂ ಗುರುತು ಸಿಗುತ್ತದೆ. ಅಷ್ಟು ಬಂದಾಗ ನಾನೂ ಗಟ್ಟಿಯಾಗಿ ಸೇರಿಕೊಳ್ಳುತ್ತಿದ್ದೆ.

ಅಲ್ಲಿಂದ 24ಕ್ಕೆ 75 ಕಿಲೋಮೀಟರ್. ನಡುವೆ ಒಂದೂ ನಂಬರಿನ ಗುಡಿಯಿಲ್ಲ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಶಾಂತ ಸಾಗರ, ನಡುವೆ 55ನೇ ಹೆದ್ದಾರಿ. ಅಂಗಡಿಗಳು ಕಡಿಮೆ, ಗಾಳಿ ಜಾಸ್ತಿ. ಇಲ್ಲೇ ನನಗೆ ದೊಡ್ಡ ಓಸೆತ್ತಾಯ್ ಸಿಕ್ಕಿತು, ತೂಕದ ಲೆಕ್ಕದಲ್ಲಿ. ಕೋಚಿ ಪ್ರಾಂತ್ಯ ಬುನ್‌ತಾನ್ ಎಂಬ ಹಣ್ಣಿಗೆ ಹೆಸರುವಾಸಿ. ಅಂದರೆ ನಮ್ಮ ಚಕ್ಕೋತ. ವಸಂತದಲ್ಲಿ ಎಲ್ಲೆಲ್ಲೂ ಅದೇ. ಮಿನಿ ಟ್ರಕ್ಕಿನಲ್ಲಿ ಬಂದ ರೈತ ದಂಪತಿ ನಿಲ್ಲಿಸಿ, ಒಂದಲ್ಲ, ಮೂರು ಕೊಟ್ಟರು. ಬೆನ್ನಿಗೆ ಏಳು ಕೆಜಿ ಹೊರೆ ಮೊದಲೇ ಇತ್ತು. ಬೇಡ ಅನ್ನುವಂತಿಲ್ಲ. ಎರಡು ಕೈಯಲ್ಲಿ ಎರಡು, ಟೋಪಿಯಲ್ಲಿ ಒಂದು ಇಟ್ಟುಕೊಂಡು ನಡೆದೆ. ಸಿಕ್ಕ ಸಿಕ್ಕ ಯಾತ್ರಿಕರಿಗೆ ಕೊಡೋಣ ಅಂದರೆ ಅವತ್ತು ಒಬ್ಬರೂ ಸಿಗಲಿಲ್ಲ. ಕೊನೆಗೆ ಸಮುದ್ರದ ಗೋಡೆ ಮೇಲೆ ಕೂತು ಒಂದನ್ನು ಬಿಡಿಸಿ ತಿಂದೆ. ದೇವನಹಳ್ಳಿಯದಕ್ಕಿಂತ ಸಿಹಿ ಅಂತ ಬರೆದರೆ ಆ ಕಡೆಯವರು ಸಿಟ್ಟಾಗುತ್ತಾರೆ. ಬರೆಯುವುದಿಲ್ಲ.

ಮುರೋತೊ ತುದಿಯಲ್ಲಿ ಸಮುದ್ರಕ್ಕೆ ಮುಖ ಮಾಡಿದ ಗುಹೆಯಿದೆ. ಯುವಕ ಕೂಕಾಯ್ ತಪಸ್ಸು ಮಾಡಿದ್ದು ಇಲ್ಲಿ ಅನ್ನುತ್ತಾರೆ. ಅವರೂ ಪರದೇಶಕ್ಕೆ ಹೋದವರೇ. 804ರಲ್ಲಿ ಚೀನಾಕ್ಕೆ ಹೊರಟ ಹಡಗು ಬಿರುಗಾಳಿಗೆ ಸಿಕ್ಕಿ ದಿಕ್ಕು ತಪ್ಪಿ, ಫುಜಿಯಾನ್ ತೀರಕ್ಕೆ ಬಿತ್ತು. ಅಲ್ಲಿನ ಅಧಿಕಾರಿಗಳು ನಂಬದೆ ದಡಕ್ಕೇ ಬಿಡಲಿಲ್ಲ. ಕೂಕಾಯ್ ಬರೆದ ಒಂದು ಪತ್ರದಿಂದ ಅವರ ಮನಸ್ಸು ಕರಗಿತು. ಆಮೇಲೆ ಚಾಂಗ್‌ಆನ್ ನಗರದಲ್ಲಿ ಹುಯಿಗುವೊ ಎಂಬ ಗುರು, ಹೊರದೇಶದ ಈ ಹುಡುಗನಿಗೆ ತನ್ನ ವಿದ್ಯೆಯನ್ನೆಲ್ಲ ಕೊಟ್ಟು, ಕೆಲವೇ ತಿಂಗಳಲ್ಲಿ ತೀರಿಕೊಂಡರು. ಅಲ್ಲಿ ಸಂಸ್ಕೃತ ಕಲಿಸಿದವರು ಭಾರತದ ಕಡೆಯಿಂದ ಹೋಗಿದ್ದ ಪ್ರಜ್ಞ ಎಂಬ ಸನ್ಯಾಸಿ.

24ನೆಯ ಹೊತ್ಸುಮಿಸಾಕಿಜಿ ಅಲ್ಲಿಂದ ಕಡಿದಾದ ಹಾದಿ ಹತ್ತಿದರೆ ಸಿಗುತ್ತದೆ. ಮುದ್ರೆ ಒತ್ತಿಸಿಕೊಂಡು ಕೆಳಗಿಳಿದು, ಆ ರಾತ್ರಿ ಒಂದು ಮಿನ್‌ಶುಕುವಿನಲ್ಲಿ ಉಳಿದೆ. ಯಜಮಾನಿತಿ ಅಭ್ಯಾಸದಂತೆ ಫೋನ್ ಕೈಗೆತ್ತಿಕೊಂಡು, ನಾಳೆ ಎಲ್ಲಿಗೆ ಅಂತ ಕೇಳಿದರು. ನಾಳೆ ಒಸಾಕಾ, ವಿಮಾನ ಅಂದೆ. 25 ಇಲ್ಲಿಂದ ಏಳು ಕಿಲೋಮೀಟರ್ ಕೂಡ ಇಲ್ಲವಲ್ಲ ಅಂತ ಅವರಿಗೆ ನನಗಿಂತ ಜಾಸ್ತಿ ಬೇಜಾರು. ಗೋಡೆಯ ಕ್ಯಾಲೆಂಡರ್ ತೆಗೆದು, ಯಾವಾಗ ಬರುತ್ತೀರಿ ಅಂದರು. ಮುಂದಿನ ಚಳಿಗಾಲ ಅಂದೆ. ತಾರೀಖು ಹೇಳದೆ ಬಿಡಲಿಲ್ಲ. ಬರುವ ಹಿಂದಿನ ದಿನ ಫೋನ್ ಮಾಡಿಸಬೇಕು, ಕೊಂಬು ಎಲೆ ರಾತ್ರಿಯಿಡೀ ನೆನೆಯಬೇಕು ಅಂತ ಹೇಳಿ, ಕ್ಯಾಲೆಂಡರಿನ ಹಿಂದೆ ‘ಇಂದೊ, ಮೀನು ಇಲ್ಲ’ ಅಂತ ಬರೆದಿಟ್ಟುಕೊಂಡರು.